ಆಪ್ ಮಾಡುವ ಮೊದಲು ಮದ್ದು ಬಿಡುವವನನ್ನು ಕೇಳಿರಿ

ನಮ್ಮ ಕಾಸರಗೋಡು ಕಡೆಯ ಕೃಷಿಕರ ಮನೆಗಳಲ್ಲಿ ಇಂಜಿನಿಯರಿಂಗ್ ಓದಿದ ಕೆಲವು ಮಕ್ಕಳು ಈಗ ಪೇಟೆಯ ನೌಕರಿ ಬೇಡವೆಂದು ಊರಲ್ಲೇ ನಿಂತು, ಕೃಷಿಕರಿಗಾಗಿ ಮೊಬೈಲ್ ಆಪ್ ಮಾಡಿ ಸ್ವಂತ ಉದ್ಯಮ ಹೂಡುವ ಮಾತಾಡುತ್ತಿದ್ದಾರೆ. ಸಂತೋಷದ ಸಂಗತಿಯೇ. ಆದರೆ ಹೆಚ್ಚಿನವರು ಹೇಳುವುದು ಒಂದೇ ಮಾತು: "ಅಡಿಕೆಯ ಧಾರಣೆ ದಿನದಿನವೂ ಫೋನಿನಲ್ಲಿ ಸಿಗುವಂತೆ ಮಾಡುತ್ತೇವೆ." ಇದಕ್ಕಾಗಿ ತಾಯಿಯ ಚಿನ್ನವನ್ನು ಅಡವಿಡುವ ಮೊದಲು ಅವರು ಎರಡು ಸಂಗತಿಗಳನ್ನು ತಿಳಿದಿರಬೇಕೆಂದು ನಮ್ಮ ಅಭಿಪ್ರಾಯ.

ಮೊದಲನೆಯದು ನಮ್ಮ ಕಡಲಕರೆಯದೇ. ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು ಕಾಸರಗೋಡು, ಕಣ್ಣೂರು, ಕೋಝಿಕ್ಕೋಡು ಜಿಲ್ಲೆಗಳ ಬೂತಾಯಿ ಮೀನಿನ ವ್ಯಾಪಾರವನ್ನು ವರ್ಷಗಟ್ಟಲೆ ಗಮನಿಸಿ 2007ರಲ್ಲಿ ಲೇಖನ ಪ್ರಕಟಿಸಿದರು. 1997ರ ಜನವರಿ 14ರಂದು ವಡಗರದಲ್ಲಿ 11 ಮಂದಿ ಬೆಸ್ತರ ಮೀನಿಗೆ ಗಿರಾಕಿಗಳೇ ಇಲ್ಲದೆ ಚೆಲ್ಲುವ ಪ್ರಸಂಗ ಬಂತು. ಅದೇ ಹೊತ್ತಿಗೆ 15 ಕಿಲೋಮೀಟರಿನೊಳಗೆ 27 ಮಂದಿ ಗಿರಾಕಿಗಳು ಮೀನು ಸಿಗದೆ ಬರಿಗೈಯಲ್ಲಿ ಹೊರಡಲಿದ್ದರು. ಮುಂದೆ ಮೊಬೈಲ್ ಬಂದ ಮೇಲೆ ದೋಣಿಯಲ್ಲಿದ್ದುಕೊಂಡೇ ಧಾರಣೆ ಕೇಳುವಂತಾಯಿತು. ಬೆಸ್ತರ ಲಾಭ ಶೇಕಡಾ 8ರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ಶೇಕಡಾ 4ರಷ್ಟು ಇಳಿಯಿತು, ಮೀನು ಚೆಲ್ಲುವುದು ನಿಂತಿತು.

ಎರಡನೆಯದು ಸೊಲ್ಲಾಪುರ, ಜತ್ತದ ನಮ್ಮ ಬಂಧುಗಳಿರುವ ಮಹಾರಾಷ್ಟ್ರದ್ದು. ಅಲ್ಲಿ ರಾಯಿಟರ್ಸ್ ಸಂಸ್ಥೆ 2007ರಲ್ಲಿ ಹಣ ತೆಗೆದುಕೊಂಡು ಧಾರಣೆ, ಹವೆ, ಬೆಳೆಯ ಸಲಹೆಗಳನ್ನು ಫೋನಿನ ಸಂದೇಶದಲ್ಲಿ ಕಳುಹಿಸುವ ಸೇವೆಯನ್ನು ತೊಡಗಿಸಿತು. ದೊಡ್ಡ ಸಂಸ್ಥೆ, ಬೇಕಾದಷ್ಟು ಜನ. ಆದರೆ ಫಾಫ್‌ಶಾಂಪ್ ಮತ್ತು ಮಿಂಟೆನ್ ಎಂಬಿಬ್ಬರು 100 ಹಳ್ಳಿಗಳಲ್ಲಿ ಪರೀಕ್ಷಿಸಿ 2012ರಲ್ಲಿ ಬರೆದ ಪ್ರಕಾರ, ಸಂದೇಶ ಪಡೆದ ರೈತರಿಗೆ ಸಿಕ್ಕಿದ ಬೆಲೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಎರಡು ಕಡೆಯೂ ಧಾರಣೆಯ ಸುದ್ದಿಯೇ. ಫಲ ಮಾತ್ರ ಬೇರೆ. ಯಾಕೆ? ನಮಗೆ ತೋರುವುದು ಹೀಗೆ. ಬೆಸ್ತನು ಸುದ್ದಿ ಕೇಳಿದ ಕ್ಷಣದಲ್ಲೇ ದೋಣಿಯನ್ನು ಬೇರೆ ಕರೆಗೆ ತಿರುಗಿಸಬಲ್ಲ, ತಿರುಗಿಸದಿದ್ದರೆ ಸಂಜೆಗೆ ಮೀನು ಕೊಳೆಯುತ್ತದೆ. ನೂರು ಮೈಲಿಯಾಚೆಯ ಮಂಡಿಯಲ್ಲಿ ಬೆಲೆ ಹೆಚ್ಚಿದೆಯೆಂದು ತಿಳಿದ ರೈತನಿಗೆ ಲಾರಿ ಬೇಕು, ಪರಿಚಯ ಬೇಕು, ಸಾಹುಕಾರನ ಮುಂಗಡದ ಹಂಗು ಇರಬಾರದು. ನಮ್ಮ ಚಾಲಿಯಂತೂ ಒಣಗಿಸಿ ಅಟ್ಟಕ್ಕೆ ಹಾಕಿದರೆ ತಿಂಗಳುಗಟ್ಟಲೆ ಕೂರುತ್ತದೆ. ಅದರ ಧಾರಣೆಯೋ, ಅಂಗಡಿಗೊಂದು ಫೋನ್ ಮಾಡಿದರೆ ಈಗಲೇ ತಿಳಿಯುತ್ತದೆ. ಗೊತ್ತಿರುವುದನ್ನೇ ಗೊತ್ತಿರುವವನಿಗೆ ಮಾರುವುದು ಕಷ್ಟ.

ಹಾಗಾದರೆ ನಷ್ಟ ಎಲ್ಲಿ? ಕೊಳೆರೋಗದಲ್ಲಿ. ಮಳೆ ಹಿಡಿಯುವ ಮೊದಲು ಶೇಕಡಾ 1ರ ಬೋರ್ಡೋ ಬಿಡಬೇಕು, 40-45 ದಿನ ಕಳೆದು ಇನ್ನೊಮ್ಮೆ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಇದು ನಮ್ಮ ಮಕ್ಕಳಿಗೂ ಬಾಯಿಪಾಠ. ಇಲ್ಲದ್ದು ಮರ ಹತ್ತುವ ಜನ. ಇಡೀ ಊರು ಅದೇ ನಾಲ್ಕು ಮಂದಿಗೆ ಅದೇ ವಾರದಲ್ಲಿ ಫೋನ್ ಮಾಡುತ್ತದೆ. ಒಬ್ಬನ ತೋಟಕ್ಕೆ ಮದ್ದು ಬಿಡುವುದು ಹತ್ತು ದಿನ ತಡವಾದರೆ ಆ ವರ್ಷದ ಫಸಲು ಬುಡದಲ್ಲಿ ಬಿದ್ದಿರುತ್ತದೆ. ಯಾರಿಗೆ ಎಂದು ಸರದಿ ಎಂಬುದನ್ನು ಕೂಡಿಸಿ ಕೊಡುವವನಿದ್ದರೆ ಕೃಷಿಕ ಸಂತೋಷದಿಂದ ದುಡ್ಡು ಕೊಟ್ಟಾನು.

ಆದುದರಿಂದ ತರುಣರು ಮೊದಲ ವರ್ಷ ಆಪ್ ಮಾಡುವುದೇ ಬೇಡ. ಒಂದು ನೋಟುಪುಸ್ತಕ, ಒಂದು ಫೋನ್ ಸಾಕು. ಎರಡು ವಾರ್ಡುಗಳಲ್ಲಿ ಯಾರಿಗೆ ಎಷ್ಟು ಮರ, ಯಾವ ವಾರ ಬೇಕು ಎಂದು ಬರೆದುಕೊಂಡು ಸರದಿಯನ್ನು ತಾವೇ ಹೊಂದಿಸಿ ನೋಡಲಿ. ಗೊತ್ತಿರುವುದರಿಂದ ಗೊತ್ತಿಲ್ಲದುದಕ್ಕೆ ಹೋಗಬೇಕೆಂದು ನಮಗೆ ಶಿಕ್ಷಕರ ತರಬೇತಿಯಲ್ಲಿ ಕಲಿಸಿದ್ದರು. ಕಂಪ್ಯೂಟರಿನವರಿಗೆ ಯಾರು ಕಲಿಸುತ್ತಾರೋ ತಿಳಿಯದು. ಮಳೆ ಬಂದು ಒಂದು ದಿನ ತಪ್ಪಿದರೆ ಹಿಂದಿನ ಸರದಿಯೆಲ್ಲ ಹೇಗೆ ಕೆಡುತ್ತದೆ, ಒಬ್ಬನೇ ಇಬ್ಬರಿಗೆ ಒಪ್ಪಿಕೊಂಡರೆ ಯಾರು ಜವಾಬು ಹೇಳಬೇಕು, ಇವೆಲ್ಲ ಪುಸ್ತಕದಲ್ಲಿ ಕಾಣಬೇಕು, ಆಮೇಲೆ ಆಪಿನೊಳಗೆ ಹೋಗಬೇಕು.

ದುಡ್ಡನ್ನು ಮೊದಲ ವರ್ಷದಿಂದಲೇ ಕೇಳಬೇಕು, ಇಪ್ಪತ್ತು ರೂಪಾಯಿಯಾದರೂ. ಈಗ ಪುಕ್ಕಟೆ, ಮುಂದೆ ನೋಡೋಣ ಎಂದವರಿಗೆ ಮುಂದೆಯೂ ಪುಕ್ಕಟೆಯೇ. ಆದರೆ ಮರ ಹತ್ತುವವನಿಂದ ಕಾಸು ಕೀಳಬಾರದು. ಅವನಿಲ್ಲದೆ ಉದ್ಯಮವೇ ಇಲ್ಲ. ಅವನ ನಂಬರನ್ನು ಅವನ ಒಪ್ಪಿಗೆಯಿಲ್ಲದೆ ಗೊಬ್ಬರದ ಕಂಪೆನಿಗೋ ಸಾಲದ ಕಂಪೆನಿಗೋ ದಾಟಿಸುವುದನ್ನು ನಾವು ಕಳ್ಳತನವೆಂದೇ ಕರೆಯುತ್ತೇವೆ.

ಮರುವರ್ಷ ಆಪ್ ಆಗಲಿ. ಗೂಗಲ್ ಪ್ಲೇ ಅಂಗಡಿಯಲ್ಲಿಡಲು ಒಮ್ಮೆ 25 ಡಾಲರ್ ಕಟ್ಟಬೇಕು. 2023ರ ನವೆಂಬರಿನ ಬಳಿಕ ತೆರೆದ ವೈಯಕ್ತಿಕ ಖಾತೆಯಾದರೆ, ಊರಿಗೆಲ್ಲ ಬಿಡುವ ಮೊದಲು ಕಡಿಮೆಯೆಂದರೆ 12 ಮಂದಿ 14 ದಿನ ಎಡೆಬಿಡದೆ ಅದರ ಪರೀಕ್ಷೆಗೆ ಸೇರಿರಬೇಕೆಂಬುದು ಈಗಿನ ನಿಯಮ. ಸಾಮಾನ್ಯವಾಗಿ ಕಾಲೇಜಿನ ಗೆಳೆಯರ ಹೆಸರು ಹಾಕಿ ಈ ನಿಯಮ ತೀರಿಸಿಬಿಡುತ್ತಾರೆ. ಹಾಗೆ ಮಾಡದೆ ಎಂಟು ಮಂದಿ ಕೃಷಿಕರನ್ನು, ನಾಲ್ಕು ಮಂದಿ ಮದ್ದು ಬಿಡುವವರನ್ನು ಸೇರಿಸಿಕೊಳ್ಳಲಿ. ಅವರಲ್ಲಿ ಕನ್ನಡಕವಿಲ್ಲದೆ ಅಕ್ಷರ ಕಾಣದ ಒಬ್ಬ ಅಜ್ಜನೂ, ತುಳು ಮಾತಾಡಿದರೂ ಓದಲು ಬಾರದ ಒಬ್ಬನೂ ಇರಲಿ. ಸರದಿಯ ದಿನವನ್ನು ಕನ್ನಡದಲ್ಲಿ ಬರೆದರೆ ಸಾಲದು, ಧ್ವನಿಯಲ್ಲೂ ಹೇಳಬೇಕಾಗುತ್ತದೆಂದು ಅವರೇ ತಿಳಿಸುತ್ತಾರೆ. ಪರೀಕ್ಷೆಯನ್ನು ಎಪ್ರಿಲಿನೊಳಗೆ ಮುಗಿಸಬೇಕು. ಮೇ ತಿಂಗಳಲ್ಲಿ ಕೇಳಲು ಹೋದರೆ ಮದ್ದು ಬಿಡುವವರು ಮರದ ಮೇಲಿರುತ್ತಾರೆ.