ಪರದೆಯ ಮೇಲಿನ ಗದ್ಯಭಾಗ: ಗೊತ್ತಿರುವುದೇ ಎಡವಿಸಿದಾಗ

ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕಾಗಿ 2022ರಲ್ಲಿ ಆರಂಭವಾದ ಸಿಯುಇಟಿ ಪರೀಕ್ಷೆ ಈಗ ಪೂರ್ಣವಾಗಿ ಕಂಪ್ಯೂಟರಿನಲ್ಲಿ ನಡೆಯುತ್ತಿದೆ. ಕಲಬುರಗಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಇದೇ ದಾರಿ. ಭಾಷಾ ಪತ್ರಿಕೆಯ 13 ಭಾಷೆಗಳಲ್ಲಿ ಕನ್ನಡವೂ ಒಂದು. ಆ ಪತ್ರಿಕೆಯ ಮುಖ್ಯ ಭಾಗ, ಗದ್ಯಭಾಗ ಓದಿ ಉತ್ತರಿಸುವುದು.

ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಸುಲಭವೆಂದು ತೋರಬಹುದು. ಆದರೆ 50 ಪ್ರಶ್ನೆಗಳಿಗೆ ಸಿಗುವುದು 60 ನಿಮಿಷ. ಓದುವ ಹೊತ್ತೂ ಸೇರಿ ಪ್ರಶ್ನೆಯೊಂದಕ್ಕೆ 72 ಸೆಕೆಂಡು. ಸರಿಯುತ್ತರಕ್ಕೆ 5 ಅಂಕ, ತಪ್ಪಿಗೆ 1 ಅಂಕ ಕಡಿತ.

ಒಂದು ಉದಾಹರಣೆ ನೋಡೋಣ. ಗದ್ಯಭಾಗ ಹೀಗಿದೆಯೆನ್ನಿ: "ವೇದಾವತಿ ನದಿಯ ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ." ನಡುವಿನ ಅಂತರವೆಷ್ಟು ಎಂದು ಕೇಳಿದರೆ 89 ವರ್ಷ, ಇದು ಲೆಕ್ಕ. 'ಗದ್ಯಭಾಗದ ಪ್ರಕಾರ ಜಲಾಶಯ ತುಂಬಲು ಕಾರಣವೇನು?' ಎಂದು ಕೇಳಿದರೆ ಹಿರಿಯೂರಿನ ಹುಡುಗ ಥಟ್ಟನೆ 'ಭದ್ರಾ ನೀರು' ಎಂದು ಗುರುತು ಹಾಕಿಯಾನು. ಭದ್ರಾ ನೀರು ಅಲ್ಲಿಗೆ ಹರಿಯುವುದು ನಿಜ. ಆದರೂ ಗದ್ಯಭಾಗ ಅದನ್ನು ಹೇಳಿಲ್ಲ. 'ತಿಳಿಸಿಲ್ಲ' ಎಂಬುದೇ ಸರಿಯುತ್ತರ. ಕನ್ನಡ ಬಲ್ಲವರು ಎಡವುವುದು ಇಲ್ಲಿಯೇ. ತಮಗೆ ಗೊತ್ತಿರುವುದನ್ನು ಬರೆಹದೊಳಗೆ ಸೇರಿಸಿ ಓದುತ್ತಾರೆ.

ಆದ್ದರಿಂದ ಮೊದಲು ಪ್ರಶ್ನೆಗಳ ಮೇಲೆ ಕಣ್ಣಾಡಿಸಿ, ಬಳಿಕ ಗದ್ಯಭಾಗವನ್ನು ಒಮ್ಮೆ ಪೂರ್ತಿ ಓದಬೇಕು. ಪ್ರತಿ ಉತ್ತರಕ್ಕೂ ಆಧಾರವಾದ ಸಾಲನ್ನು ಬೆರಳಿಟ್ಟು ತೋರಿಸುವಂತಿರಬೇಕು. 'ಎಲ್ಲ', 'ಮಾತ್ರ', 'ಎಂದಿಗೂ' ಎಂಬ ಪದಗಳಿರುವ ಆಯ್ಕೆಗಳ ಬಗ್ಗೆ ಎಚ್ಚರವಿರಲಿ. ಪರದೆಯ ಮೇಲೆ ಅಡಿಗೆರೆ ಎಳೆಯಲಾಗದು. ಒರಟು ಹಾಳೆಯಲ್ಲಿ ಇಸವಿ, ಹೆಸರುಗಳನ್ನು ಗುರುತಿಸಿಕೊಳ್ಳಬಹುದು. ಸೇರಬಯಸುವ ವಿಶ್ವವಿದ್ಯಾಲಯ ಯಾವ ಭಾಷೆಯನ್ನು ಕೇಳುತ್ತದೆಂದು ಅರ್ಜಿ ಹಾಕುವ ಮೊದಲೇ ನೋಡಿಕೊಳ್ಳಬೇಕು.

ಕರಾವಳಿಯ ನಮ್ಮ ಮಕ್ಕಳಿಗೆ ತರಬೇತಿ ಕೇಂದ್ರಗಳು ಹತ್ತಿರದಲ್ಲಿವೆ. ಬಯಲುಸೀಮೆಯ ಹಳ್ಳಿಯ ಮಗುವಿಗೆ ಪರೀಕ್ಷೆಯ ದಿನವೇ ಮೌಸ್ ಹಿಡಿಯುವ ಮೊದಲ ದಿನವಾಗಬಾರದು. ಕಂಪ್ಯೂಟರ್ ಇರುವ ನಮ್ಮ ಶಾಲೆ, ಧರ್ಮಕೇಂದ್ರಗಳು ಶನಿವಾರ ಮಧ್ಯಾಹ್ನ ಎರಡು ಗಂಟೆ ಎಲ್ಲ ಧರ್ಮದ ಮಕ್ಕಳಿಗೂ ಬಾಗಿಲು ತೆರೆಯಲಿ. ದಿನಪತ್ರಿಕೆಯ ಒಂದು ಸಂಪಾದಕೀಯ, ಅದರ ಮೇಲೆ ಐದು ಪ್ರಶ್ನೆ ಸಾಕು. ಬಲಿಪೂಜೆಯಲ್ಲಿ ವಾಚನ ಓದುವ ಯುವಕ ಯುವತಿಯರನ್ನೂ ಓದಿದ ಬಳಿಕ ಕೇಳೋಣ: ಅಲ್ಲಿ ಬರೆದಿರುವುದೇನು, ನೀನು ಊಹಿಸಿದ್ದೇನು? ಈ ಎರಡನ್ನು ಬೇರ್ಪಡಿಸಲು ಕಲಿತವರಿಗೆ ಪರೀಕ್ಷೆ ಮುಗಿದ ಮೇಲೂ ಅದು ಉಪಯೋಗಕ್ಕೆ ಬರುತ್ತದೆ.