‘ಕೃಪೆ: ವಾಟ್ಸಾಪ್’ ಅನ್ನಲು ನೀವ್ಯಾರು?

ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಕಾಲರ್ ಹೊಲಿಯುವ ಹುಡುಗಿಯೊಬ್ಬಳು ಫೇಸ್‌ಬುಕ್‌ನಲ್ಲಿ ಕವಿತೆ ಬರೆಯುತ್ತಾಳೆ. ಉಚ್ಚೆಗೆ ಎದ್ದರೆ ಸೂಪರ್‌ವೈಸರ್ ಗಡಿಯಾರ ನೋಡುವುದು, ಟಾರ್ಗೆಟ್ ಮುಟ್ಟದ ದಿನ ಇಡೀ ಲೈನು ಬೈಸಿಕೊಳ್ಳುವುದು, ಇದೇ ಅವಳ ವಸ್ತು. ಅಂಥದೊಂದು ಕವಿತೆ ಎರಡೇ ದಿನದಲ್ಲಿ ಗುಲಾಬಿ ಹೂವಿನ ಚಿತ್ರದ ಮೇಲೆ ಕೂತು ನನ್ನ ಫೋನಿಗೆ ಬಂತು. ಹೆಸರಿರಬೇಕಾದ ಜಾಗದಲ್ಲಿ ‘ಕೃಪೆ: ವಾಟ್ಸಾಪ್’. ಕಳಿಸಿದವರು ಕನ್ನಡ ಮೇಷ್ಟರು. ‘ಬರೆದವಳ ಹೆಸರು ಹಾಕಿ ಸಾರ್’ ಅಂದೆ. ‘ಇರಲಿ ಬಿಡಪ್ಪ, ಹತ್ತು ಜನ ಓದಿದರಲ್ಲ’ ಅಂದರು.

ಅದೇ ಮೇಷ್ಟರ ಲೇಖನ ಹೆಸರಿಲ್ಲದೆ ಅಚ್ಚಾದರೆ ಸುಮ್ಮನಿರುತ್ತಾರೆಯೇ? 1957ರ ಕೃತಿಸ್ವಾಮ್ಯ ಕಾಯ್ದೆ ಫೋನಿನಲ್ಲಿ ಬರೆದವರಿಗೂ ಅನ್ವಯಿಸುತ್ತದೆ. ಇದು ನನ್ನದು ಎನ್ನುವ ಹಕ್ಕನ್ನು ಅದರ 57ನೇ ಕಲಮು ಬರೆದವರಿಗೇ ಕೊಟ್ಟಿದೆ. ಹೆಸರು ಅಳಿಸುವುದು ಕಳ್ಳತನ.

ಇನ್ನು ಸಾಹಿತ್ಯದ ದೊಡ್ಡ ಮನೆಗಳಿಗೆ ಬನ್ನಿ. ಕೇಂದ್ರ ಸಾಹಿತ್ಯ ಅಕಾಡೆಮಿ 2011ರಿಂದ ಯುವ ಪುರಸ್ಕಾರ ಕೊಡುತ್ತಿದೆ. ವಯಸ್ಸು 35 ಮೀರಬಾರದು, ಮೊತ್ತ 50,000 ರೂಪಾಯಿ. ಸಂತೋಷ. ಆದರೆ ಪುಸ್ತಕ ಬೇಕು. ರಾಜ್ಯ ಅಕಾಡೆಮಿಯ ಪುಸ್ತಕ ಬಹುಮಾನಕ್ಕೂ ಪುಸ್ತಕ ಬೇಕು. ಹೊಸಬರ ಕವನ ಸಂಕಲನ ಅಂದರೆ ಪ್ರಕಾಶಕರು ಮುಖ ತಿರುಗಿಸುತ್ತಾರೆ. ಕೈಯಿಂದ ದುಡ್ಡು ಹಾಕಿದರೆ ಮಾತ್ರ ಅಚ್ಚು. ಬಾಡಿಗೆ ಕಟ್ಟಿ ಊರಿಗೆ ಹಣ ಕಳಿಸುವವರು ಅದನ್ನು ಎಲ್ಲಿಂದ ತರಬೇಕು? ದುಡ್ಡಿದ್ದವರ ಪುಸ್ತಕ ಸಮಿತಿಯ ಮೇಜು ಸೇರುತ್ತದೆ, ಇಲ್ಲದವರ ಕತೆ ‘ಸೋಷಿಯಲ್ ಮೀಡಿಯಾ ಬರಹ’ ಆಗುತ್ತದೆ. ಆ ಮಾತಿನ ಹಿಂದಿರುವ ತಿರಸ್ಕಾರ ನಮಗೆ ಚೆನ್ನಾಗಿ ಕೇಳಿಸುತ್ತದೆ.

ಅಚ್ಚಾಗಬೇಕೆಂಬ ಈ ಹಸಿವನ್ನೇ ಬಂಡವಾಳ ಮಾಡಿಕೊಂಡವರೂ ಇದ್ದಾರೆ. ‘ನಿಮ್ಮ ಕವನ ಆಯ್ಕೆಯಾಗಿದೆ, ಸಂಕಲನಕ್ಕೆ ಇಂತಿಷ್ಟು ಗೂಗಲ್ ಪೇ ಮಾಡಿ’ ಎಂದು ಸಂದೇಶ ಬರುತ್ತದೆ. ಹಣ ಹೋದ ಮೇಲೆ ಒಂದು ಇ-ಪ್ರಮಾಣಪತ್ರ, ಅದರಲ್ಲೂ ಕಾಗುಣಿತ ತಪ್ಪು. ಕಾಲೇಜು ಹುಡುಗರು ಊಟದ ಕಾಸು ಉಳಿಸಿ ಇದಕ್ಕೆ ಕೊಡುವುದನ್ನು ನೋಡಿದರೆ ಮೈ ಉರಿಯುತ್ತದೆ. ಅವರಿಗೆ ಬಿರುದಿನ ಹುಚ್ಚು ಅಂತ ಯಾರೂ ಹೀಗಳೆಯಬೇಡಿ. ಕೂತು ಓದಿ, ಈ ಸಾಲು ಸೊರಗಿದೆ, ಈ ಸಾಲು ನಿಂತಿದೆ ಅಂತ ಹೇಳುವ ಒಬ್ಬ ಹಿರಿಯರು ಸಿಕ್ಕಿದ್ದರೆ ಆ ದಂಧೆಯ ಬಾಗಿಲಿಗೆ ಯಾಕೆ ಹೋಗುತ್ತಿದ್ದರು? ಸಾವಿರ ಲೈಕ್ ಬಂದರೂ ಒಂದು ವಿಮರ್ಶೆ ಬರುವುದಿಲ್ಲ. ಬರೆಯುವವರು ಒಳಗೊಳಗೇ ಒಣಗಿ ಬಿಟ್ಟುಬಿಡುವುದು ಇಲ್ಲಿಯೇ.

ಹೀಗೆ ಬಾಗಿಲು ಮುಚ್ಚುವುದು ಹೊಸದಲ್ಲ. 1979ರಲ್ಲಿ ಧರ್ಮಸ್ಥಳದ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೇಳಿದರೆ ಕನ್ನಡ ಸಾಹಿತ್ಯ ಪರಿಷತ್ತು ಒಪ್ಪಲಿಲ್ಲ. ಆ ಸಿಟ್ಟಿನಲ್ಲೇ ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಅಂದು ಬಾಗಿಲಾಚೆ ನಿಂತು ಕೂಗಿದ ಪೀಳಿಗೆಯೇ, ಇವತ್ತು ಬಾಗಿಲಾಚೆ ನಿಂತವರನ್ನು ಕಂಡೂ ಕಾಣದಂತೆ ಇರುವುದೇಕೆ? ಉತ್ತರ ಕೊಡಿ.

ಬಹುಮಾನದ ನಿಯಮದಲ್ಲಿ ಜಾಲದ ಬರಹಕ್ಕೂ ಜಾಗ ಕೊಡಿ. ಅದನ್ನು ಓದಬಲ್ಲವರನ್ನು ಸಮಿತಿಗೆ ಹಾಕಿ. ಮುಂದಿನ ಸಮ್ಮೇಳನದ ಕವಿಗೋಷ್ಠಿಗೆ ಈ ಹುಡುಗ ಹುಡುಗಿಯರನ್ನು ಹೆಸರು ಹಿಡಿದು ಕರೆಯಿರಿ. ಊಟದ ಹೊತ್ತಿನಲ್ಲಿ ಎರಡು ನಿಮಿಷ ಕೊಟ್ಟು ಇಳಿಸಬೇಡಿ. ಹಾರ ತುರಾಯಿ ನಿಮ್ಮಲ್ಲೇ ಇರಲಿ. ಬಸ್ ಚಾರ್ಜು ಕೊಡಿ, ಕೆಲಸ ಬಿಟ್ಟು ಬಂದ ದಿನದ ಕೂಲಿ ಕೊಡಿ.