ಒಲೆ ಆರಿಸುವ ಮೊದಲು ಪಾತ್ರೆ ಅಳೆಯಿರಿ

ಅಡುಗೆಮನೆ ರಿಪೇರಿಗೆ ಕೈ ಹಾಕಿದ್ದೆ. ಪೇಟೆಯಲ್ಲಿ ನಾಲ್ಕು ಬರ್ನರಿನ ಗಾಜಿನ ಒಲೆ ನೋಡಿ ಮನಸೋತು ಮುಂಗಡ ಕೊಡಲು ಹೊರಟಿದ್ದೆ. ಕಟ್ಟಿಗೆ ಒಲೆ ಒಡೆಸುವುದೆಂದೂ ತೀರ್ಮಾನಿಸಿಯಾಗಿತ್ತು. ಆಗ ಮನೆಯವಳು, "ಅಲ್ಲ ಮಾರಾಯ್ರೆ, ಹಪ್ಪಳಕ್ಕೆ ಹಲಸಿನ ಸೊಳೆ ಬೇಯಿಸುವ ಅಟ್ಟಿನಳಗೆ ಇದರ ಮೇಲೆ ಕೂರ್ತದಾ?" ಎಂದಳು.

ಟೇಪು ಹಿಡಿದು ಅಳೆದೆ. ಅಳಗೆ ಇಟ್ಟರೆ ಪಕ್ಕದ ಬರ್ನರುಗಳೂ ಮುಚ್ಚಿಹೋಗುತ್ತವೆ! ಇನ್ನೊಂದು ತೊಡಕು, ನಮ್ಮ ಗೋಬರ್ ಗ್ಯಾಸನ್ನು ಎಲ್‌ಪಿಜಿ ಒಲೆಗೆ ನೇರ ಕೊಟ್ಟರೆ ಸರಿಯಾಗಿ ಉರಿಯದು. ಅದರಲ್ಲಿ ಮೀಥೇನ್ ಸುಮಾರು ಶೇ. 60 ಮಾತ್ರ, ಒತ್ತಡವೂ ಕಡಿಮೆ. ಜೆಟ್ಟಿನ ತೂತು ದೊಡ್ಡದು ಬೇಕು.

ಕೊನೆಗೆ ಗೋಬರ್ ಗ್ಯಾಸಿಗೆ ಅದರದ್ದೇ ಒಲೆ, ಸಿಲಿಂಡರಿಗೆ ಎರಡು ಬರ್ನರಿನ ಗಟ್ಟಿ ಸ್ಟೀಲ್ ಒಲೆ ತಂದೆವು. ಉಳಿದ ಹಣದಲ್ಲಿ ಹಳೆ ಒಲೆಯ ಜಾಗದಲ್ಲೇ ಅಸ್ತ್ರ ಒಲೆ ಕಟ್ಟಿಸಿದೆವು. ಇದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ರೂಪಿಸಿದ್ದು. ನಮ್ಮ ಪಾತ್ರೆಯ ಅಳತೆಗೇ ಒಲೆಯ ಬಾಯಿ. ಒಳಗೆ ಜಾಲರಿ, ಹಿಂದೆ ಹೊಗೆ ಕೊಳವೆ. ತೋಟದ ಕೊತ್ತಳಿಗೆ, ಗೆರಟೆ ಚೆನ್ನಾಗಿ ಉರಿಯುತ್ತವೆ. ವರ್ಷಕ್ಕೆ ಎರಡು ಮೂರು ಸಲ ಕೊಳವೆಯ ಮಸಿ ತೆಗೆಯಬೇಕು, ಅಷ್ಟೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಇಪ್ಪತ್ತು ವರ್ಷ ಅವಳು ಹೊಗೆ ಕುಡಿದು ಕೆಮ್ಮಿದ್ದು ನನಗೆ ಕಂಡಿರಲಿಲ್ಲ, ಗಾಜಿನ ಹೊಳಪು ಕಂಡಿತ್ತು. ದುಬಾರಿ ಒಲೆ ಬೇಡವೆಂದು ನಾನು ಹೇಳುವುದಿಲ್ಲ. ಅಂಗಡಿಗೆ ಹೋಗುವಾಗ ದೊಡ್ಡ ಪಾತ್ರೆಯ ಅಳತೆ ಬರೆದುಕೊಳ್ಳಿ, ಅಡುಗೆ ಮಾಡುವವರನ್ನೂ ಕರಕೊಂಡು ಹೋಗಿ. ಒಲೆಯ ಮುಂದೆ ನಿಲ್ಲುವವರು ಅವರಲ್ಲವೇ?